‘ಜೀನ್ ಪರೀಕ್ಷೆ ನಾರ್ಮಲ್ ಬಂದಿದೆ, ಅಂದರೆ ಇದು ಜೀನ್‌ನ ತೊಂದರೆ ಅಲ್ಲ ತಾನೆ?’

ರಾಯಚೂರಿನಲ್ಲಿ ಮಕ್ಕಳ ವೈದ್ಯವೃತ್ತಿ ನಡೆಸುವ ನನ್ನ ಬಳಿ, ಮಾತು ಬಾರದ, ಕುತ್ತಿಗೆ ನಿಲ್ಲುವುದು ತಡವಾದ, ಫಿಟ್ಸ್ ಬರುವ ಮಕ್ಕಳನ್ನು ಕರೆತರುವ ತಂದೆತಾಯಿಗಳಲ್ಲಿ ಹಲವರು ಅಷ್ಟರಲ್ಲಾಗಲೇ ಹೈದರಾಬಾದಿಗೋ ಬೆಂಗಳೂರಿಗೋ ರಕ್ತ ಕಳುಹಿಸಿ, ಸಾಲ ಮಾಡಿ ಎಕ್ಸೋಮ್ ಪರೀಕ್ಷೆ ಮಾಡಿಸಿರುತ್ತಾರೆ. ವರದಿಯನ್ನು ಮೇಜಿನ ಮೇಲಿಟ್ಟು ಅವರು ಕೇಳುವ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ: “ಎಲ್ಲಾ ನಾರ್ಮಲ್ ಬಂದದರಿ ಸರ, ಅಂದ್ರ ಇದು ಜೀನಿಂದ ಬಂದಿದ್ದಲ್ಲ, ಹೌದಿಲ್ರಿ?”

ಅಲ್ಲ ಎಂದು ಹೇಳಲು ಆ ವರದಿಯೊಂದೇ ಸಾಲದು ಎಂಬುದು ನನ್ನ ಉತ್ತರ. ಪರೀಕ್ಷೆ ತಪ್ಪಾಗಿದೆ ಎಂದು ಇದರ ಅರ್ಥವಲ್ಲ. ಅದು ನೋಡಿದ ಜಾಗವೇ ಚಿಕ್ಕದು.

ಮನುಷ್ಯನ ಜೀನೋಮ್‌ನಲ್ಲಿ, ಅಂದರೆ ಇಡೀ ಡಿಎನ್‌ಎ ಬರಹದಲ್ಲಿ, ಸುಮಾರು 300 ಕೋಟಿ ಅಕ್ಷರಗಳಿವೆ. ಪ್ರೋಟೀನ್ ತಯಾರಿಸುವ ಸೂಚನೆ ಇರುವ ಸುಮಾರು 20,000 ಜೀನುಗಳ ಆ ಸೂಚನಾ ಭಾಗಗಳನ್ನೆಲ್ಲ ಕೂಡಿಸಿದರೂ ಅದು ನೂರಕ್ಕೆ ಒಂದೆರಡು ಪಾಲು ಮಾತ್ರ ಆಗುತ್ತದೆ, ಮತ್ತು ಎಕ್ಸೋಮ್ ಪರೀಕ್ಷೆ ಓದುವುದು ಮುಖ್ಯವಾಗಿ ಅಷ್ಟನ್ನೇ. ಇಂಥ ವರದಿಯ ಮೊದಲ ಪುಟದಲ್ಲಿ ‘ಮಗುವಿನ ಲಕ್ಷಣಗಳಿಗೆ ಕಾರಣವೆನ್ನಬಹುದಾದ ಬದಲಾವಣೆ ಕಂಡುಬಂದಿಲ್ಲ’ ಎಂಬ ಸಾಲು ದಪ್ಪಕ್ಷರದಲ್ಲಿರುತ್ತದೆ. ಪ್ರೋಟೀನ್‌ಗೆ ಸಂಬಂಧಿಸದ ಭಾಗಗಳನ್ನು ಈ ವಿಧಾನ ಪರಿಶೀಲಿಸುವುದಿಲ್ಲ ಎಂಬ ಮಾತು ಕೊನೆಯ ಪುಟದಲ್ಲಿ, ಕನ್ನಡಕ ಹಾಕಿಕೊಂಡು ಓದಬೇಕಾದಷ್ಟು ಸಣ್ಣಕ್ಷರದಲ್ಲಿರುತ್ತದೆ. ನಾನು ಆ ಕೊನೆಯ ಪುಟವನ್ನೇ ಮೊದಲು ತೆರೆದು ತೋರಿಸುತ್ತೇನೆ.

ಇದು ಹೊಸ ಸಂಗತಿಯೂ ಅಲ್ಲ. ಬೌದ್ಧಿಕ ನ್ಯೂನತೆಯ ಆನುವಂಶಿಕ ಕಾರಣಗಳಲ್ಲಿ ಬಹಳ ಸಾಮಾನ್ಯವಾದ ಫ್ರಜೈಲ್ ಎಕ್ಸ್ ಸಿಂಡ್ರೋಮ್‌ನಲ್ಲಿ ಎಫ್‌ಎಂಆರ್1 ಜೀನ್‌ನ ಪ್ರೋಟೀನ್ ಸೂಚನೆ ಸರಿಯಾಗಿಯೇ ಇರುತ್ತದೆ. ಅದಕ್ಕೂ ಮುಂಚಿನ ಭಾಗದಲ್ಲಿ ಮೂರು ಅಕ್ಷರಗಳ ಒಂದು ತುಣುಕು 200ಕ್ಕಿಂತ ಹೆಚ್ಚು ಸಲ ಮರುಕಳಿಸಿ ಜೀನ್ ಮುಚ್ಚಿಹೋಗುತ್ತದೆ. 1991ರಿಂದಲೇ ಇದು ಗೊತ್ತಿದೆ. ಆದರೂ ಫ್ರಜೈಲ್ ಎಕ್ಸ್‌ನ ಪ್ರತ್ಯೇಕ ಪರೀಕ್ಷೆ ಮಾಡಿಸದೆ, ಅದಕ್ಕಿಂತ ಎಷ್ಟೋ ದುಬಾರಿಯಾದ ಎಕ್ಸೋಮ್ ಮಾಡಿಸಿ ಬಂದ ಗಂಡುಮಕ್ಕಳನ್ನು ಈಗಲೂ ನೋಡುತ್ತೇನೆ.

ಹೊಸದಾಗಿರುವುದು ಪ್ರೋಟೀನ್ ತಯಾರಿಸದ ಆರ್‌ಎನ್‌ಎಗಳ ಕಥೆ. ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್ ಎಂದು ಪಿಯುಸಿಯಲ್ಲಿ ಓದಿದ್ದೇವೆ. ಆದರೆ ಬಹಳಷ್ಟು ಆರ್‌ಎನ್‌ಎಗಳು ಪ್ರೋಟೀನ್ ಆಗದೆ ಆರ್‌ಎನ್‌ಎಗಳಾಗಿಯೇ ಉಳಿದು ಕೆಲಸ ಮಾಡುತ್ತವೆ. ಜೀನ್‌ನಿಂದ ಆಗತಾನೆ ನಕಲಾದ ಉದ್ದನೆಯ ಆರ್‌ಎನ್‌ಎಯಲ್ಲಿ ಬೇಡದ ತುಂಡುಗಳನ್ನು ಕತ್ತರಿಸಿ ತೆಗೆದು ಬೇಕಾದವನ್ನು ಜೋಡಿಸುವ ಸ್ಪ್ಲೈಸಿಯೋಸೋಮ್ ಎಂಬ ವ್ಯವಸ್ಥೆಯನ್ನೇ ನೋಡಿ. ನಮ್ಮೂರಿನವರಿಗೆ ಜಿನ್ನಿಂಗ್ ಫ್ಯಾಕ್ಟರಿ ಹೊಸದಲ್ಲವಾದ್ದರಿಂದ ಹೀಗೆ ಹೇಳುತ್ತೇನೆ: ಬೀಜದಿಂದ ಅರಳೆ ಬಿಡಿಸುವ ಯಂತ್ರದ ಹಲ್ಲು ಅರಳೆಯೂ ಅಲ್ಲ, ಬಟ್ಟೆಯೂ ಅಲ್ಲ, ಆದರೆ ಅದು ಸೊಟ್ಟಗಾದರೆ ಯಾರ ಹೊಲದ ಹತ್ತಿ ಬಂದರೂ ಕೆಡುತ್ತದೆ. ಯು4 ಎಂಬ ಪುಟ್ಟ ಆರ್‌ಎನ್‌ಎ ಅಂಥದೊಂದು ಹಲ್ಲು. ಅದು ಯು6 ಎಂಬ ಇನ್ನೊಂದು ಆರ್‌ಎನ್‌ಎಯೊಂದಿಗೆ ಹೆಣೆದುಕೊಂಡು, ಸಮಯ ಬರುವವರೆಗೆ ಅದನ್ನು ಕೆಲಸಕ್ಕಿಳಿಯದಂತೆ ತಡೆದಿಡುತ್ತದೆ.

ಈ ಯು4 ತಯಾರಾಗುವುದು 12ನೇ ಕ್ರೋಮೋಸೋಮ್‌ನಲ್ಲಿರುವ ಆರ್‌ಎನ್‌ಯು4-2 ಎಂಬ, ಬರೀ 140ರಷ್ಟು ಅಕ್ಷರಗಳ ಜೀನ್‌ನಿಂದ. 2024ರಲ್ಲಿ ಆಕ್ಸ್‌ಫರ್ಡ್‌ನ ನಿಕಿ ವಿಫಿನ್ ಅವರ ತಂಡವೂ ನ್ಯೂಯಾರ್ಕ್‌ನ ಮೌಂಟ್ ಸಿನಾಯ್‌ನ ಅರ್ನೆಸ್ಟ್ ಟುರೊ ಅವರ ತಂಡವೂ ಬೇರೆಬೇರೆಯಾಗಿ, ಇಂಗ್ಲೆಂಡಿನ 1,00,000 ಜೀನೋಮ್ ಯೋಜನೆಯ ದತ್ತಾಂಶವನ್ನು ಜಾಲಾಡಿ, ಈ ಜೀನ್‌ನ ಬದಲಾವಣೆಯೇ ಅನೇಕ ಮಕ್ಕಳ ಬೆಳವಣಿಗೆಯ ತೊಂದರೆಗೆ ಕಾರಣವೆಂದು ತೋರಿಸಿದವು. ವಿಫಿನ್ ತಂಡ ಇಂಥ 115 ಜನರನ್ನು ಗುರುತಿಸಿತು. ಅವರ ಬದಲಾವಣೆಗಳೆಲ್ಲ ಜೀನ್‌ನ ನಡುವಿನ ಕೇವಲ 18 ಅಕ್ಷರಗಳ ಜಾಗದಲ್ಲಿದ್ದವು, ಹೆಚ್ಚಿನವರಲ್ಲಿ ಅದೇ ಒಂದು ಜಾಗದಲ್ಲಿ ಒಂದೇ ಒಂದು ಅಕ್ಷರ ಹೆಚ್ಚಾಗಿ ಸೇರಿಕೊಂಡಿತ್ತು. ನರಬೆಳವಣಿಗೆಯ ತೊಂದರೆ ಇರುವ ಸಾವಿರ ಮಕ್ಕಳಲ್ಲಿ ಸುಮಾರು ನಾಲ್ವರಿಗೆ ಇದೇ ಕಾರಣ ಎಂದು ಅವರ ಅಂದಾಜು. ಸಂಖ್ಯೆ ಸಣ್ಣದೆನಿಸಬಹುದು, ಆದರೆ ಸಾವಿರಕ್ಕೂ ಹೆಚ್ಚು ಜೀನುಗಳು ಪಾಲು ಹಂಚಿಕೊಂಡಿರುವ ಈ ಕ್ಷೇತ್ರದಲ್ಲಿ ಒಂದೇ ಜೀನ್‌ಗೆ ಇದು ದೊಡ್ಡ ಪಾಲು. ಈಗ ರೆನ್ಯೂ ಸಿಂಡ್ರೋಮ್ ಎಂದು ಕರೆಯುವ ಈ ಸ್ಥಿತಿಯಲ್ಲಿ ತಲೆಯ ಸುತ್ತಳತೆ ಕಡಿಮೆಯಿರುವುದು, ಸ್ನಾಯುಗಳು ಸಡಿಲವಾಗಿರುವುದು, ಎತ್ತರ ಕುಂಠಿತವಾಗುವುದು, ಮಾತು ಬಾರದಿರುವುದು ಅಥವಾ ಬಹಳ ಕಡಿಮೆ ಬರುವುದು, ಫಿಟ್ಸ್ ಇವೆಲ್ಲ ಸಾಮಾನ್ಯ. ಇಷ್ಟು ವರ್ಷ ಇದು ಕಣ್ಣಿಗೆ ಬೀಳದಿರಲು ಕಾರಣ ಸರಳ: ಈ ಜೀನ್ ಪ್ರೋಟೀನ್ ಮಾಡುವುದಿಲ್ಲ, ಆದ್ದರಿಂದ ಎಕ್ಸೋಮ್ ಪರೀಕ್ಷೆಯ ಪಟ್ಟಿಯಲ್ಲೇ ಇರಲಿಲ್ಲ.

ಇಲ್ಲಿಂದ ಮುಂದೆ ಬರುವ ಪ್ರಶ್ನೆಯನ್ನು ಸಾಮಾನ್ಯವಾಗಿ ತಂದೆತಾಯಿ ಕೇಳುವುದಿಲ್ಲ, ಜೊತೆಯಲ್ಲಿ ಬಂದ ಹಿರಿಯರು ಕೇಳುತ್ತಾರೆ: “ಯಾರ ಕಡಿಂದ ಬಂತ್ರಿ ಇದು?” ಅಕ್ಕನ ಮಗಳನ್ನು ತಮ್ಮನಿಗೆ, ಅತ್ತೆಯ ಮಗಳನ್ನು ಅಳಿಯನಿಗೆ ತಂದುಕೊಳ್ಳುವ ರೂಢಿ ಇರುವ ನಮ್ಮ ಸೀಮೆಯಲ್ಲಿ, ಸಂಬಂಧದಲ್ಲಿ ಮದುವೆಯಾಗಿದ್ದರೆ ಅದೇ ಕಾರಣವೆಂದು, ಆಗಿರದಿದ್ದರೆ ಸೊಸೆಯ ಮನೆತನವೇ ಕಾರಣವೆಂದು ತೀರ್ಪು ಮೊದಲೇ ಬರೆದಿಟ್ಟಂತಿರುತ್ತದೆ. ರೆನ್ಯೂ ವಿಷಯದಲ್ಲಿ ಎರಡೂ ಸುಳ್ಳು. ಈ ಬದಲಾವಣೆ ಮಗುವಿನಲ್ಲೇ ಹೊಸದಾಗಿ ಕಾಣಿಸಿಕೊಂಡದ್ದು, ತಂದೆತಾಯಿಯ ರಕ್ತದಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಪ್ರತಿ ಮಗುವೂ ಇಂಥ 60-70 ಹೊಸ ಬದಲಾವಣೆಗಳನ್ನು ಹೊತ್ತೇ ಹುಟ್ಟುತ್ತದೆ, ಅವುಗಳಲ್ಲಿ ಹೆಚ್ಚಿನವು ಯಾರಿಗೂ ಏನೂ ಮಾಡುವುದಿಲ್ಲ. ಒಟ್ಟಾರೆ ನೋಡಿದರೆ ಅವುಗಳಲ್ಲಿ ಹೆಚ್ಚು ಪಾಲು ಬರುವುದು ತಂದೆಯ ವೀರ್ಯಾಣುವಿನ ಮೂಲಕ. ಆರ್‌ಎನ್‌ಯು4-2 ಇದಕ್ಕೊಂದು ಅಪವಾದ, ಅಲ್ಲಿ ಬದಲಾವಣೆ ಬಹುತೇಕ ತಾಯಿಯಿಂದ ಬಂದ ಪ್ರತಿಯಲ್ಲೇ ಕಾಣುತ್ತದೆ. ಈ ಮಾತನ್ನು ನಾನು ಮುಚ್ಚಿಡುವುದಿಲ್ಲ, ಆದರೆ ಹೇಳುವಾಗ ಬಿಡಿಸಿ ಹೇಳುತ್ತೇನೆ: ಒಂದು ಅಂಡಾಣುವಿನಲ್ಲಿ ಆದ ಅಚಾತುರ್ಯಕ್ಕೂ ಆಕೆಯ ವಂಶಕ್ಕೂ ಆಕೆ ಬಸಿರಿನಲ್ಲಿ ಉಂಡದ್ದಕ್ಕೂ ನಡೆದುಕೊಂಡದ್ದಕ್ಕೂ ಸಂಬಂಧವಿಲ್ಲ. ಮುಂದಿನ ಮಗುವಿಗೆ ಅದು ಮರುಕಳಿಸುವ ಸಂಭವ ನೂರಕ್ಕೆ ಒಂದರ ಆಸುಪಾಸು.

ಹಾಗೆಂದು ಸಂಬಂಧದ ಮದುವೆಗೆ ಎಲ್ಲದರಿಂದ ಖುಲಾಸೆ ಸಿಗುವುದಿಲ್ಲ. ಆರ್‌ಎನ್‌ಎ ಕತ್ತರಿಸಿ ಜೋಡಿಸುವ ಇದೇ ಕೆಲಸದ ಇನ್ನೊಂದು ಪುಟ್ಟ ಆರ್‌ಎನ್‌ಎ ಜೀನ್ ಆದ ಆರ್‌ಎನ್‌ಯು4ಎಟಿಎಸಿ ಎರಡೂ ಪ್ರತಿಗಳಲ್ಲಿ ಕೆಟ್ಟಾಗ ಟೇಬಿ-ಲಿಂಡರ್ ಎಂಬ ತೀವ್ರ ತೊಂದರೆ ಬರುತ್ತದೆಂದು 2011ರಲ್ಲೇ ತಿಳಿಯಿತು. ಅಲ್ಲಿ ತಂದೆತಾಯಿ ಇಬ್ಬರೂ ವಾಹಕರು, ಅಂದರೆ ತಮಗೆ ತೊಂದರೆ ಇಲ್ಲದೆಯೇ ಕೆಟ್ಟ ಪ್ರತಿಯೊಂದನ್ನು ಹೊತ್ತವರು (ಸಂಬಂಧಿಕರಲ್ಲಿ ಇಬ್ಬರೂ ಹಾಗಿರುವ ಸಂಭವ ಹೆಚ್ಚು), ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಹೆಸರು ಒಂದೇ ಥರ ಕೇಳಿಸುವ ಎರಡು ಜೀನುಗಳು ಒಂದೇ ಕುಟುಂಬಕ್ಕೆ ಪೂರಾ ಬೇರೆ ಬೇರೆ ಸಲಹೆ ಕೊಡಿಸುತ್ತವೆ. ನಿಖರ ಕಾರಣ ಹುಡುಕುವುದು ವೈದ್ಯರ ಕುತೂಹಲಕ್ಕಾಗಿ ಎಂದು ಗೊಣಗುವವರಿಗೆ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ.

ಹಾಗಾದರೆ ಮಾಡಬೇಕಾದದ್ದೇನು? ಮಗುವಿನ ಚಿಕಿತ್ಸೆಯನ್ನು ಜೀನ್ ವರದಿಗಾಗಿ ನಿಲ್ಲಿಸಬಾರದು. ಫಿಟ್ಸ್‌ನ ಔಷಧಿ, ಕಿವಿ-ಕಣ್ಣಿನ ತಪಾಸಣೆ, ಫಿಸಿಯೋಥೆರಪಿ, ಮಾತಿನ ತರಬೇತಿ ಇವೆಲ್ಲ ಕಾರಣ ಯಾವುದೇ ಇರಲಿ ಬೇಕೇ ಬೇಕು. ಕಾರಣ ತಿಳಿದರೂ ರೆನ್ಯೂಗೆ ಇಂದು ಗುಣಪಡಿಸುವ ಔಷಧಿ ಇಲ್ಲ ಎಂಬುದನ್ನೂ ಹಣ ಖರ್ಚಾಗುವ ಮೊದಲೇ ಹೇಳಬೇಕು. ಪರೀಕ್ಷೆಗೆ ಹೋಗುವವರು ಫ್ರಜೈಲ್ ಎಕ್ಸ್ ಪರೀಕ್ಷೆ ಮತ್ತು ಕ್ರೋಮೋಸೋಮಲ್ ಮೈಕ್ರೋಅರೇ (ಕ್ರೋಮೋಸೋಮ್‌ನ ತುಂಡುಗಳು ಕಾಣೆಯಾಗಿವೆಯೇ, ಹೆಚ್ಚಾಗಿವೆಯೇ ಎಂದು ನೋಡುವ ಪರೀಕ್ಷೆ) ಆಗಿದೆಯೇ ನೋಡಿಕೊಳ್ಳಲಿ. ಎಕ್ಸೋಮ್ ಆಗಿ ಉತ್ತರ ಸಿಗದಿದ್ದರೆ, ಕೈಯಲ್ಲಿ ಹಣವಿದ್ದವರು ಇಡೀ ಜೀನೋಮ್ ಓದಿಸಬಹುದು. ಇಲ್ಲದವರು, ಮಗುವಿನ ಲಕ್ಷಣ ಹೊಂದುತ್ತಿದ್ದರೆ, ಆರ್‌ಎನ್‌ಯು4-2ರ ಆ ಚಿಕ್ಕ ಭಾಗವನ್ನಷ್ಟೇ ಓದಿಸಲಾದೀತೇ ಎಂದು ಜೆನೆಟಿಕ್ಸ್ ತಜ್ಞರನ್ನು ಕೇಳಲಿ, ಅಷ್ಟು ಸಣ್ಣ ಜೀನ್‌ಗೆ, ಒಂದೊಂದೇ ಚಿಕ್ಕ ತುಣುಕನ್ನು ಓದುವ ಹಳೆಯ ಸ್ಯಾಂಗರ್ ವಿಧಾನವೇ ಸಾಕು. ಪೂರ್ತಿ ಜೀನೋಮ್ ಓದಿಸಿದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಕಾರಣ ಸಿಗದೇ ಹೋಗಬಹುದು, ಆದ್ದರಿಂದ ಪ್ರಯೋಗಾಲಯದಿಂದ ವರದಿಯ ಜೊತೆಗೆ ಮೂಲ ದತ್ತಾಂಶದ ಫೈಲನ್ನೂ ಕೇಳಿ ಪಡೆದು ಜೋಪಾನವಾಗಿಟ್ಟುಕೊಂಡು, ಒಂದೆರಡು ವರ್ಷಕ್ಕೊಮ್ಮೆ ಮರುವಿಶ್ಲೇಷಣೆ ಮಾಡಿಸಬೇಕು. 2023ರಲ್ಲಿ ಜೀನೋಮ್ ಓದಿಸಿ ಬರಿಗೈಯಲ್ಲಿ ಹಿಂದಿರುಗಿದ ಕುಟುಂಬಕ್ಕೆ, ಹೊಸದಾಗಿ ರಕ್ತ ತೆಗೆಸದೆಯೇ, 2024ರ ನಂತರ ಅದೇ ಫೈಲಿನಲ್ಲಿ ಉತ್ತರ ಸಿಗುವ ಸಾಧ್ಯತೆ ಇದೆ.