ಮೊದಲ ಸುತ್ತಿನಲ್ಲಿ ಸೀಟು ಬಂದಿಲ್ಲ, ಈಗೇನು?

ಎಂಜಿನಿಯರಿಂಗ್ ಸೀಟು ಹಂಚುವ ಸಿಇಟಿ ಮೊದಲ ಸುತ್ತಿನ ಫಲಿತಾಂಶ ಬಂದ ದಿನ ನಮ್ಮ ಕಲ್ಯಾಣ ಕರ್ನಾಟಕದ ಕಡೆಯ ಸೈಬರ್ ಸೆಂಟರ್‌ಗಳಲ್ಲಿ ಹೆಚ್ಚು ಕೇಳಿಬರುವ ಮಾತು: "ವೇಟಿಂಗ್ ಲಿಸ್ಟ್‌ನಾಗ ನಮ್ಮ ಹುಡುಗಂದು ಎಷ್ಟನೇ ನಂಬರ್ ಅದ ರೀ?" ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಅಂಥದ್ದೊಂದು ಲಿಸ್ಟ್ ಇಡುವುದೇ ಇಲ್ಲ. ರ್ಯಾಂಕೇ ಸರದಿ. ಯಾರೋ ಸೀಟು ಬಿಟ್ಟರೆ ಎರಡನೇ ಸುತ್ತಿನಲ್ಲಿ ಕಂಪ್ಯೂಟರ್ ಮತ್ತೆ ಮೇಲಿನ ರ್ಯಾಂಕಿನಿಂದ ಶುರು ಮಾಡಿ, ಒಬ್ಬೊಬ್ಬರು ಇಷ್ಟದ ಕ್ರಮದಲ್ಲಿ ಹಾಕಿದ ಕಾಲೇಜು-ಬ್ರಾಂಚ್ ಆಪ್ಷನ್‌ಗಳನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬರುತ್ತದೆ. ಹಾಗಾಗಿ ಸೀಟು ಎಲ್ಲಿಂದ ಖಾಲಿಯಾಗುತ್ತದೆ, ಅದು ಯಾವ ಕೋಟಾದ್ದು, ಆ ಕೋಟಾಕ್ಕೆ ನಿಮ್ಮ ಕಾಗದಪತ್ರ ಗಟ್ಟಿ ಇವೆಯೇ ಎಂದು ನೋಡುವುದೇ ಈ ದಿನಗಳ ಕೆಲಸ.

ಮೊದಲು 371ಜೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯಡಿ 2013ರ ಆದೇಶದಂತೆ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಇಲ್ಲಿಯವರಿಗೆ. ರಾಜ್ಯದ ಉಳಿದ ಕಡೆ ಶೇ 8. ಒಂದು ಬ್ರಾಂಚಿನಲ್ಲಿ ಸಿಇಟಿ ಮೂಲಕ ತುಂಬುವ ಸೀಟು 60 ಎಂದಿಟ್ಟುಕೊಳ್ಳಿ. ಬಳ್ಳಾರಿಯ ಕಾಲೇಜಾದರೆ 42 ನಮ್ಮವರಿಗೆ, ಬೆಂಗಳೂರಿನದಾದರೆ ಐದು ಮಾತ್ರ. ಆ 42ರಲ್ಲಿ ಹಿಂದುಳಿದವರ 2ಎ ವರ್ಗದ ಶೇ 15 ಎಂದರೆ ಸುಮಾರು ಆರು ಸೀಟು. ಆ ಆರರಲ್ಲೂ ಗ್ರಾಮೀಣಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಹಂಚಿಕೆಯಾಗಬೇಕು. ಇಷ್ಟು ಸಣ್ಣ ಲೆಕ್ಕದಲ್ಲಿ ಒಬ್ಬ ಹುಡುಗಿ ಸೀಟು ಬಿಟ್ಟರೂ ಕಟಾಫ್ (ಕೊನೆಯ ಸೀಟು ಸಿಕ್ಕ ರ್ಯಾಂಕ್) ಸಾವಿರಾರು ರ್ಯಾಂಕ್ ಕೆಳಗಿಳಿಯಬಹುದು, ಯಾರೂ ಬಿಡದಿದ್ದರೆ ಇದ್ದಲ್ಲೇ ನಿಲ್ಲಬಹುದು. ಹೋದ ವರ್ಷ ಎರಡನೇ ಸುತ್ತಿನಲ್ಲಿ ಇಷ್ಟಕ್ಕೆ ಸಿಕ್ಕಿತ್ತು ಎಂಬ ಒಂದೇ ಅಂಕಿ ಹಿಡಿದು ಕೂರಬೇಡಿ. ಕೆಇಎ ಸುತ್ತುವಾರು ಕಟಾಫ್ ಪ್ರಕಟಿಸುತ್ತದೆ. ಅದರಲ್ಲಿ ಜಿಎಂಎಚ್, 2ಎಎಚ್, 3ಬಿಎಚ್ ಹೀಗೆ ಕೊನೆಯಲ್ಲಿ 'ಎಚ್' (ನಮ್ಮ ಭಾಗದ ಹಳೆಯ ಹೆಸರಾದ ಹೈದರಾಬಾದ್ ಕರ್ನಾಟಕ) ಇರುವ ಕಾಲಮ್ಮೇ ನಮ್ಮದು. ಬಹಳ ಮಂದಿ ಸಾಮಾನ್ಯ ಪಟ್ಟಿ ನೋಡಿಯೇ ಆಸೆ ಬಿಟ್ಟುಬಿಡುತ್ತಾರೆ. ಎರಡು ಮೂರು ವರ್ಷದ ಎರಡೂ ಸುತ್ತುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಕಾಲೇಜಿನಲ್ಲಿ ಸೀಟು ಅಲುಗಾಡುತ್ತದೆ, ಯಾವುದರಲ್ಲಿ ಇಲ್ಲ ಎಂಬುದು ಗೊತ್ತಾಗುತ್ತದೆ.

ಖಾಲಿಯಾಗುವ ಸೀಟು ಬರುವುದು ಮುಖ್ಯವಾಗಿ ಮೂರು ಕಡೆಯಿಂದ: ಫೀ ಕಟ್ಟದವರು, ಚಾಯ್ಸ್ 3 (ಈ ಸೀಟು ಬೇಡ, ಮುಂದಿನ ಸುತ್ತಿಗೆ ಹೋಗುತ್ತೇನೆ) ಅಥವಾ 4 (ಹಂಚಿಕೆಯೇ ಬೇಡ) ಒತ್ತಿದವರು, ಮೆಡಿಕಲ್ಲಿಗೋ ಐಐಟಿ–ಎನ್‌ಐಟಿಗೋ ಹೋದವರು. (ರಾಯಚೂರಿನ ಐಐಐಟಿ ಕೂಡ ಐಐಟಿ–ಎನ್‌ಐಟಿ ಸೀಟು ಹಂಚುವ ಜೋಸಾ ಮೂಲಕವೇ ತುಂಬುತ್ತದೆ, ಸಿಇಟಿ ಆಪ್ಷನ್‌ಗಳಲ್ಲಿ ಹುಡುಕಬೇಡಿ.) ನೀಟ್ ಹಂಚಿಕೆ ತಡವಾದರೆ ಆ ಹುಡುಗರ ಎಂಜಿನಿಯರಿಂಗ್ ಸೀಟುಗಳು ಎರಡನೇ ಸುತ್ತಿಗೂ ಬಾರದೆ ಅದರ ಮುಂದಿನ ಸುತ್ತಿಗೆ ಜಾರುತ್ತವೆ. ವರ್ಷದಿಂದ ವರ್ಷಕ್ಕೆ ಕಟಾಫ್ ಏರುಪೇರಾಗಲು ಇದೂ ಒಂದು ಕಾರಣ.

ಮೊದಲ ಸುತ್ತಿನಲ್ಲಿ ಏನೂ ಸಿಗದವರು ಚಾಯ್ಸ್ ಒತ್ತುವಂತಿಲ್ಲ, ತಾವಾಗಿಯೇ ಮುಂದಿನ ಸುತ್ತಿಗೆ ಹೋಗುತ್ತಾರೆ. ತಲೆನೋವು ಇರುವುದು ನಡುವಿನವರಿಗೆ: ರಾಯಚೂರಿನಲ್ಲಿ ಸಿವಿಲ್ ಬಂದಿದೆ, ಬಳ್ಳಾರಿಯಲ್ಲಿ ಕಂಪ್ಯೂಟರ್ ಸೈನ್ಸ್ ಬೇಕು. ಅಂಥವರಿಗೆ ಚಾಯ್ಸ್ 2. ಕೈಯಲ್ಲಿರುವ ಸೀಟು ಉಳಿಯುತ್ತದೆ, ಅದಕ್ಕಿಂತ ಮೇಲೆ ಹಾಕಿದ ಆಪ್ಷನ್‌ಗಳು ಮಾತ್ರ ಮುಂದಿನ ಸುತ್ತಿಗೆ ಹೋಗುತ್ತವೆ. ಮೇಲಿನದು ಬಂದ ಕ್ಷಣ ಹಳೆಯದು ಕೈತಪ್ಪುತ್ತದೆ, ಮತ್ತೆ ಕೇಳುವಂತಿಲ್ಲ. ಅದಕ್ಕೇ ಬಂದರೆ ಖಂಡಿತ ಸೇರುತ್ತೇವೆ ಎನಿಸದ ಆಪ್ಷನ್‌ಗಳನ್ನು ಮೇಲಿನಿಂದ ಮೊದಲೇ ಅಳಿಸಿಬಿಡಿ. ಚಾಯ್ಸ್ 3 ಎಂದರೆ ಕೈಯಲ್ಲಿದ್ದ ಸೀಟನ್ನು ಬಿಟ್ಟುಕೊಟ್ಟಂತೆ. ಬೇರೆಲ್ಲೂ ಭದ್ರವಾದ ಸೀಟು ಇಲ್ಲದವರು ಅದನ್ನು ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಚಾಯ್ಸ್ 2ರವರು ಫೀ ಯಾವಾಗ, ಎಷ್ಟು ಕಟ್ಟಬೇಕು ಎಂಬುದನ್ನು ಆ ವರ್ಷದ ಸೂಚನೆಯಲ್ಲೇ ಓದಿ. ಅಣ್ಣನ ಕಾಲದ ನಿಯಮ ನಂಬಬೇಡಿ.

ಎರಡನೇ ಸುತ್ತಿಗೆ ಆಪ್ಷನ್‌ಗಳನ್ನು ಸಾಮಾನ್ಯವಾಗಿ ಹಿಂದೆಮುಂದೆ ಮಾಡಬಹುದು, ಅಳಿಸಬಹುದು, ಹೊಸದಾಗಿ ಸೇರಿಸಲು ಬಿಡುವುದಿಲ್ಲ. ಮೊದಲ ಸಲ ಹತ್ತೇ ಆಪ್ಷನ್ ಹಾಕಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಇನ್ನೊಂದು ತಪ್ಪು ತಿಳಿವಳಿಕೆ: "ಆ ಕಾಲೇಜನ್ನು ಮೊದಲು ಹಾಕಿದರೆ ಸಿಗುವ ಸಾಧ್ಯತೆ ಹೆಚ್ಚು." ಇಲ್ಲ. ಕ್ರಮ ಹೇಳುವುದು ನಿಮ್ಮ ಇಷ್ಟವನ್ನಷ್ಟೇ. ಸಿಗದ ಕಾಲೇಜನ್ನು ಮೇಲಿಟ್ಟರೆ ನಷ್ಟವಿಲ್ಲ, ಬೇಡದ್ದನ್ನು ಮೇಲಿಟ್ಟರೆ ಇದೆ.

ಇನ್ನು ಕಾಗದಪತ್ರ. 371ಜೆ ಪ್ರಮಾಣಪತ್ರಕ್ಕೆ ತಹಶೀಲ್ದಾರರ ವರದಿ ಆದ ಮೇಲೆ ಸಹಿ ಮಾಡುವವರು ಉಪವಿಭಾಗದ ಸಹಾಯಕ ಆಯುಕ್ತರು (ಎ.ಸಿ.). ಗಂಗಾವತಿಯವರಿಗೆ ಕೊಪ್ಪಳ, ಸಿರುಗುಪ್ಪದವರಿಗೆ ಬಳ್ಳಾರಿ, ಸಿಂಧನೂರಿನವರಿಗೆ ಲಿಂಗಸುಗೂರು. ಜಾತಿ-ಆದಾಯ ಪತ್ರದ ಮೇಲಿರುವ ಆರ್‌ಡಿ ನಂಬರನ್ನು (ಪತ್ರದ ಕ್ರಮಸಂಖ್ಯೆ) ಕೆಇಎ ಆನ್‌ಲೈನಿನಲ್ಲೇ ತಾಳೆ ನೋಡುತ್ತದೆ. ಅರ್ಜಿಯಲ್ಲಿ ಒಂದು ಅಂಕಿ ತಪ್ಪಿದರೂ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಬಸವರಾಜ' ಇದ್ದು ಜಾತಿ ಪತ್ರದಲ್ಲಿ 'ಬಸವರಾಜಪ್ಪ' ಆಗಿದ್ದರೂ ತಕರಾರು ಬರುತ್ತದೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪತ್ರಗಳಿಗೆ ಮುಖ್ಯ ಶಿಕ್ಷಕರ ಸಹಿ ಸಾಲದು, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು ಬೇಕು. ವೆರಿಫಿಕೇಶನ್ ಸ್ಲಿಪ್ ತೆರೆದು ಎಚ್‌ಕೆ, ರೂರಲ್, ಕನ್ನಡ ಮೀಡಿಯಂ ಮುಂದೆ ಏನು ನಮೂದಾಗಿದೆ ಎಂದು ಇವತ್ತೇ ನೋಡಿ. ಅಲ್ಲಿ 'ಇಲ್ಲ' ಎಂದಿದ್ದರೆ ಮನೆಯಲ್ಲಿ ಎಷ್ಟು ಸರ್ಟಿಫಿಕೇಟ್ ಇದ್ದರೂ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ.

ಒಟಿಪಿ ಬರುವ ಮೊಬೈಲ್ ನಿಮ್ಮದೇ ಆಗಿರಲಿ. ಅರ್ಜಿ ತುಂಬುವಾಗ ಸೈಬರ್ ಸೆಂಟರಿನವರ ನಂಬರ್ ಕೊಟ್ಟು, ಚಾಯ್ಸ್ ಒತ್ತುವ ಕೊನೆಯ ದಿನ ಅಂಗಡಿ ಬಾಗಿಲು ಮುಚ್ಚಿದ್ದರೆ ಗತಿಯೇನು? ಲಾಗಿನ್ ಐಡಿ, ಪಾಸ್‌ವರ್ಡನ್ನೂ ಯಾರಿಗೂ ಕೊಡಬೇಡಿ. 2024ರಲ್ಲಿ ಸೀಟ್ ಬ್ಲಾಕಿಂಗ್ (ಸೇರುವ ಉದ್ದೇಶವಿಲ್ಲದೆ ಸೀಟು ಹಿಡಿದಿಡುವುದು) ಬಗ್ಗೆ ಕೆಇಎ ದೂರು ಕೊಟ್ಟು, ಬೆಂಗಳೂರಿನ ಮಲ್ಲೇಶ್ವರಂ ಪೊಲೀಸರು ಹಲವರನ್ನು ಬಂಧಿಸಿದ್ದು ಸೀಟು ಬೇಡವಾದ ವಿದ್ಯಾರ್ಥಿಗಳ ಲಾಗಿನ್ ಬಳಸಿಕೊಂಡ ಪ್ರಕರಣದಲ್ಲೇ. "ಎರಡನೇ ಸುತ್ತಿನಾಗ ಹಾಕಿಸಿಕೊಡ್ತೀವಿ" ಎನ್ನುವ ಏಜೆಂಟನಿಗೆ ಅಡ್ವಾನ್ಸ್ ಕೊಡುವ ಮಾತಂತೂ ಬೇಡವೇ ಬೇಡ.

ಕಾಯುವಾಗ ಊರಿನ ಬಿಎಸ್‌ಸಿಗೆ ಸೇರಿಕೊಳ್ಳುವುದು ಒಳ್ಳೆಯ ಯೋಚನೆಯೇ. ಆದರೆ ಮೂಲ ಅಂಕಪಟ್ಟಿ, ಟಿಸಿ ಕೊಡುವಾಗ ಬರೆದ ರಸೀದಿ ತೆಗೆದುಕೊಳ್ಳಿ, ಯಾವಾಗ ವಾಪಸ್ ಕೊಡುತ್ತಾರೆ ಎಂದು ಮೊದಲೇ ಕೇಳಿ. ಎರಡನೇ ಸುತ್ತಿನಲ್ಲಿ ಸೀಟು ಬಂದ ಮೇಲೆ ಫೀ ಕಟ್ಟಿ, ಅಡ್ಮಿಷನ್ ಆರ್ಡರ್ ಇಳಿಸಿಕೊಂಡು, ಮೂಲ ದಾಖಲೆ ಸಮೇತ ಕಾಲೇಜಿಗೆ ಹೋಗಲು ಸಿಗುವುದು ಕೆಲವೇ ದಿನ. ಫೀ ಮೊತ್ತ ಯುಪಿಐ ಮಿತಿ ದಾಟಿದರೆ ನೆಟ್ ಬ್ಯಾಂಕಿಂಗ್ ಅಥವಾ ಚಲನ್ ಬೇಕಾಗುತ್ತದೆ, ಅಪ್ಪನ ಖಾತೆಯಲ್ಲಿ ಅದನ್ನು ಈಗಲೇ ಚಾಲೂ ಮಾಡಿಸಿ. ಬೆಂಗಳೂರಿನ ಕಾಲೇಜಾದರೆ ಕೊಪ್ಪಳ, ಬಳ್ಳಾರಿಯವರಿಗೆ ಹಂಪಿ ಎಕ್ಸ್‌ಪ್ರೆಸ್, ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಕೊನೆಯ ದಿನಕ್ಕೆ ತಲುಪುವ ರೈಲು ಹಿಡಿಯಬೇಡಿ, ಅದರ ಹಿಂದಿನ ದಿನದ್ದಕ್ಕೆ ಟಿಕೆಟ್ ಮಾಡಿಸಿ.