ಐದಕ್ಕೆ ಹತ್ತು ನಿಮಿಷ ಇರುವಾಗ ಬರುವ ಮೆಸೇಜು

ಹಾರ್ಟ್ ಅಟ್ಯಾಕ್ ಆದ ಮೊದಲ ತಿಂಗಳು ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಭಯವೇ ಎಲ್ಲ ಮಾಡಿಸುತ್ತದೆ. ಹೃದಯದ ರಕ್ತನಾಳ ತೆರೆದಿಡುವ ಪುಟ್ಟ ಕೊಳವೆ, ಅಂದರೆ ಸ್ಟೆಂಟ್, ಹಾಕಿಸಿಕೊಂಡು ಬಂದವರು ಸಿಗರೇಟು ಮುಟ್ಟುವುದಿಲ್ಲ, ಉಪ್ಪಿನಕಾಯಿ ಕಡೆ ತಿರುಗಿಯೂ ನೋಡುವುದಿಲ್ಲ, ಗಡಿಯಾರ ನೋಡಿಕೊಂಡೇ ಮಾತ್ರೆ ನುಂಗುತ್ತಾರೆ. ಕಷ್ಟ ಶುರುವಾಗುವುದು ಮೈಗೆ ಆರಾಮ ಅನಿಸಿದ ಮೇಲೆ. ಮೆಟ್ಟಿಲು ಹತ್ತಿದರೂ ಏದುಸಿರು ಬರುವುದಿಲ್ಲ. ಕೆಲಸಕ್ಕೆ ಹೋಗಲು ಶುರು ಮಾಡಿರುತ್ತೇವೆ. ಎಲ್ಲ ಸರಿಹೋಯ್ತಲ್ವಾ ಅನ್ನೋ ಧೈರ್ಯ ಬರುತ್ತದೆ. ನನಗೆ ಫೋನು ಉಪಯೋಗಕ್ಕೆ ಬಂದದ್ದು ಆಗಲೇ.

ನಾನು ದಾವಣಗೆರೆಯಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕು. ದಿನವಿಡೀ ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ಸಂಜೆ ಐದಕ್ಕೆ ಪ್ರೆಸ್ಸಿನವರೆಲ್ಲ ಒಟ್ಟಿಗೆ ಗಾಡಿಗೆ ಹೋಗುತ್ತೇವೆ: ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಟೀ, ಆಮೇಲೆ ಸಿಗರೇಟು. ಇದು ವರ್ಷಗಟ್ಟಲೆ ನಡೆದುಬಂದ ರೂಢಿ.

ಮಗಳು ಊಟದ ಲೆಕ್ಕ ಇಡುವ ಆಪ್ ಹಾಕಿಕೊಟ್ಟಳು. ಅದಕ್ಕೆ ಓಟ್ಸ್ ಗೊತ್ತು, ಸಲಾಡ್ ಗೊತ್ತು. ನಮ್ಮ ಮನೆಯ ಶೇಂಗಾ ಚಟ್ನಿಪುಡಿಗೆ ಎಷ್ಟು ಉಪ್ಪು ಬಿದ್ದಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಚ್ಚುಕಮ್ಮಿ ಒಂದು ಟೀ ಚಮಚ. ನಮ್ಮಲ್ಲಿ ಅದು ಸಾರು, ಪಲ್ಯ, ಮಜ್ಜಿಗೆ, ಹಪ್ಪಳ ಅಂತ ಹಂಚಿಹೋಗಿರುತ್ತದೆ. ಹೆಂಡತಿ ಈಗ ಬೆಳಿಗ್ಗೆಯೇ ಇಡೀ ಮನೆಯ ಉಪ್ಪನ್ನು ಅಳೆದು ಪುಟ್ಟ ಡಬ್ಬಿಗೆ ಹಾಕಿಡುತ್ತಾಳೆ. ಆ ಆಪ್‌ಗಿಂತ ಈ ಡಬ್ಬಿಯೇ ವಾಸಿ.

ಹಾಗಂತ ಫೋನು ದಂಡ ಅಂತಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಡೆಸಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹೃದಯದ ಕಾಯಿಲೆ ಇದ್ದ 710 ಜನ. ಅವರಲ್ಲಿ ಅರ್ಧ ಜನರಿಗೆ ಆರು ತಿಂಗಳು, ವಾರಕ್ಕೆ ನಾಲ್ಕು ಮಾಮೂಲಿ ಎಸ್‌ಎಂಎಸ್ ಕಳಿಸಿದರು. ಆಪೂ ಇಲ್ಲ, ವಾಚೂ ಇಲ್ಲ. ಕೊನೆಗೆ ನೋಡಿದರೆ ಮೆಸೇಜು ಬಂದವರಲ್ಲಿ ಶೇ. 26 ಜನ ಸಿಗರೇಟು ಸೇದುತ್ತಿದ್ದರು, ಬಾರದವರಲ್ಲಿ ಶೇ. 43. ಕೊಲೆಸ್ಟರಾಲ್, ಬಿಪಿಯಲ್ಲೂ ವ್ಯತ್ಯಾಸ ಇತ್ತು. ಇದನ್ನು ಓದಿದಾಗ ನನಗೆ ಹೊಳೆಯಿತು: ದಿನವಿಡೀ ಊರಿನವರಿಗೆಲ್ಲ ಕನ್ನಡದಲ್ಲಿ ಟೈಪ್ ಮಾಡಿಕೊಡುವವನು ನನಗೂ ನಾಲ್ಕು ಸಾಲು ಟೈಪ್ ಮಾಡಿಕೊಳ್ಳಬಹುದಲ್ಲ.

ಬರೆದೆ. ಡಾಕ್ಟರಿಗೆ ತೋರಿಸಿದೆ. ಫೋನಿನ ಕ್ಯಾಲೆಂಡರಿನಲ್ಲಿ ರಿಮೈಂಡರ್ ಇಟ್ಟೆ. ಬರೆದ ಮಾತಿನಷ್ಟೇ ಅದು ಬರುವ ಹೊತ್ತೂ ಮುಖ್ಯ. ಐದು ಗಂಟೆಗೆ ಬಂದರೆ ಏನೂ ಉಪಯೋಗ ಇಲ್ಲ, ಅಷ್ಟೊತ್ತಿಗೆ ಬಜ್ಜಿ ಕೈಯಲ್ಲಿರುತ್ತದೆ. ಅದಕ್ಕೇ 4.50ಕ್ಕೆ ಇಟ್ಟಿದ್ದೇನೆ: "ಟೀ ಕುಡಿ, ಹರಟೆ ಹೊಡಿ, ಬಜ್ಜಿ ಬಿಡು. ಅವರು ಸಿಗರೇಟು ಹಚ್ಚೋ ಮುಂಚೆ ಹೈಸ್ಕೂಲ್ ಮೈದಾನದ ಕಡೆ ಹೊರಡು." ಮೈದಾನ ತಲುಪುವ ಹೊತ್ತಿಗೆ ಇನ್ನೊಂದು: "ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಅಷ್ಟು ಜೋರಾಗಿ ನಡಿ." ಇದು ಡಾಕ್ಟರು ಹೇಳಿಕೊಟ್ಟ ಅಳತೆ. ಹತ್ತು ಸಾವಿರ ಹೆಜ್ಜೆ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರುವಾಗ ಹುಟ್ಟಿದ ಸಂಖ್ಯೆ. ನಮ್ಮಂಥವರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ರಾತ್ರಿಯದು ಮಾತ್ರೆಗೆ: "ಎದೆ ನೋವಿಲ್ಲ ಅಂದರೆ ಮಾತ್ರೆ ಕೆಲಸ ಮಾಡ್ತಿದೆ ಅಂತ ಅರ್ಥ. ನುಂಗು." ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಗಟ್ಟಿಯಾಗಬಹುದು. ಡಾಕ್ಟರು ಹೇಳದೆ ಒಂದು ದಿನವೂ ಬಿಡಬೇಡಿ, ದಯವಿಟ್ಟು. ಅದೇ ಮೆಸೇಜು ದಿನಾ ಬಂದರೆ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ. ಹಾಗಾಗಿ ಭಾನುವಾರ ಕೂತು ವಾರದ ಮೆಸೇಜುಗಳನ್ನು ಹೊಸದಾಗಿ ಬರೆಯುತ್ತೇನೆ.

ಬಿಪಿಗೆ ತೋಳಿಗೆ ಪಟ್ಟಿ ಸುತ್ತುವ ಮಿಷನ್ನೇ ಇಟ್ಟುಕೊಂಡಿದ್ದೇನೆ. ಐದು ನಿಮಿಷ ಬೆನ್ನು ಒರಗಿಸಿ ಸುಮ್ನೆ ಕೂತು, ಕೈಯನ್ನು ಎದೆ ಮಟ್ಟಕ್ಕೆ ಟೇಬಲ್ ಮೇಲಿಟ್ಟು ನೋಡಬೇಕು. ಬಂದ ಅಂಕಿ ಎಕ್ಸೆಲ್ ಶೀಟಿಗೆ. ಬೆಳಗಿನ ಅಂಕಿ ಜಾಸ್ತಿ ಇರುವುದನ್ನು ಆ ಶೀಟಿನಲ್ಲೇ ನೋಡಿ ಡಾಕ್ಟರು ಒಂದು ಮಾತ್ರೆಯ ಹೊತ್ತು ಬದಲಿಸಿದರು. ಬಾಯಲ್ಲಿ "ನಾರ್ಮಲ್ ಇದೆ ಸರ್" ಅಂದಿದ್ದರೆ ಇದು ಆಗುತ್ತಿರಲಿಲ್ಲ. ಹೆಂಡತಿ, ಮಗಳು, ನಾನು, ಮೂವರ ಫೋನಲ್ಲೂ 108 ಮೊದಲ ಪರದೆಯಲ್ಲೇ ಇದೆ.

ಮೊನ್ನೆ ಬೈಂಡಿಂಗ್ ಮಾಡುವ ನಮ್ಮ ಹುಡುಗ ತನ್ನ ಅಣ್ಣನಿಗೆ ಈ ಮೆಸೇಜುಗಳನ್ನು ಕೇಳಿದ. ಅವರಿಗೂ ಸ್ಟೆಂಟ್ ಹಾಕಿದ್ದಾರೆ, ಹಳ್ಳಿಯಲ್ಲಿದ್ದಾರೆ. "ಸಂಜೆದು ಬೇಡ ಅಣ್ಣ, ಆಗ ಹಾಲು ಕರೆಯೋ ಹೊತ್ತು. ಅವನು ಬೀಡಿ ಸೇದೋದು ಡೈರಿಗೆ ಹಾಲು ಹಾಕಿ ಬಂದ ಮೇಲೆ" ಅಂದ. ಡೈರಿಯಿಂದ ವಾಪಸ್ ಬರೋದು ಎಷ್ಟು ಹೊತ್ತಿಗೆ ಅಂತ ಕೇಳಿಕೊಂಡು 6.40ಕ್ಕೆ ಇಟ್ಟುಕೊಟ್ಟೆ.