ಕ್ಯಾರೆಟ್ ರೈಲು ಹತ್ತಿ ಗಡಿಯವರೆಗೆ

ಲೆಂಬಿತ್‌ನ ಒಳಗೆ ಇಳಿದ ಎರಡನೇ ನಿಮಿಷಕ್ಕೇ ಹಣೆಗೆ ಏಟು ಬಿತ್ತು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ಅಲ್ಲಿ ಬಾಗಿಲಿಲ್ಲ, ದುಂಡನೆಯ ಕಿಂಡಿ ಇದೆ. ಮೊದಲು ಕಾಲು, ಆಮೇಲೆ ಸೊಂಟ, ಕೊನೆಗೆ ತಲೆ. ಈ ಕ್ರಮ ತಪ್ಪಿದರೆ ಕಬ್ಬಿಣವೇ ಪಾಠ ಹೇಳುತ್ತದೆ. ಹಣೆ ಉಜ್ಜಿಕೊಳ್ಳುತ್ತಾ ಸುತ್ತ ನೋಡಿದೆ. ಕೈ ಚಾಚಿದ ಕಡೆಯೆಲ್ಲ ಚಕ್ರ, ಕೊಳವೆ, ಗಡಿಯಾರದಂಥ ಮೀಟರುಗಳು. ಅವುಗಳ ನಡುವೆಯೇ ಕಿರಿದಾದ ಮಲಗುವ ಹಲಗೆಗಳು.

ಲೆಂಬಿತ್ 59 ಮೀಟರ್ ಉದ್ದದ ಸಬ್‌ಮರೀನ್. ಎಸ್ಟೋನಿಯಾದ ರಾಜಧಾನಿ ಟಾಲಿನ್‌ನಲ್ಲಿ, ಲೆನ್ನುಸದಾಮ್ ಎಂಬ ಕಡಲ ಮ್ಯೂಸಿಯಂನಲ್ಲಿ ನಿಂತಿದೆ. ನೀರಿನ ಮೇಲೆ ಇಳಿಯುವ ವಿಮಾನಗಳಿಗಾಗಿ ನೂರು ವರ್ಷದ ಹಿಂದೆ ಕಟ್ಟಿದ ದೊಡ್ಡ ಕಾಂಕ್ರೀಟ್ ಗುಮ್ಮಟಗಳ ಕೆಳಗೆ. 13 ಲಕ್ಷ ಚಿಲ್ಲರೆ ಜನರಿರುವ ದೇಶ, ದೊಡ್ಡ ಸೈನ್ಯಗಳ ಜೊತೆ ಹೇಗೆ ಸಂಸಾರ ಮಾಡುತ್ತದೆ ಅನ್ನುವುದನ್ನು ನೋಡಬೇಕು ಅಂತ ನಾನು ಹೊರಟಿದ್ದು ಅಕ್ಟೋಬರ್ 2025ರಲ್ಲಿ. ಗಡಿಗೆ ನೇರ ಹೋಗಬಹುದಿತ್ತು. ಆದರೆ ಕಥೆ ಶುರುವಾಗುವುದು ಈ ಬಂದರಿನಿಂದಲೇ.

ನವೆಂಬರ್ 1918. ಎಸ್ಟೋನಿಯಾ ಸ್ವತಂತ್ರ ಅಂತ ಸಾರಿಕೊಂಡು ಇನ್ನೂ ವರ್ಷ ತುಂಬಿಲ್ಲ, ರಷ್ಯಾದ ಬೊಲ್ಶೆವಿಕರ ಕೆಂಪು ಸೇನೆ ಗಡಿಯ ಊರಾದ ನಾರ್ವಾ ಕಡೆಯಿಂದ ಒಳಗೆ ನುಗ್ಗಿತು. ಡಿಸೆಂಬರಿನಲ್ಲಿ ಬ್ರಿಟಿಷ್ ನೌಕಾದಳದ ಹಡಗುಗಳು ಟಾಲಿನ್‌ಗೆ ಬಂದವು. ಕ್ರಿಸ್ಮಸ್ ಮುಗಿದ ಮಾರನೇ ದಿನ ಮತ್ತು ಅದರ ಮರುದಿನ, ಸ್ಪಾರ್ತಕ್, ಅವ್ತ್ರೋಯಿಲ್ ಎಂಬ ಎರಡು ಸೋವಿಯತ್ ಯುದ್ಧನೌಕೆಗಳನ್ನು ಹಿಡಿದರು. ಸ್ಪಾರ್ತಕ್‌ನಲ್ಲಿದ್ದ ಬೊಲ್ಶೆವಿಕ್ ಕಮಿಸಾರ್ ರಸ್ಕೋಲ್ನಿಕೋವ್ ಆಲೂಗಡ್ಡೆ ಮೂಟೆಗಳ ಅಡಿಯಲ್ಲಿ ಅವಿತುಕೊಂಡಿದ್ದ ಅನ್ನುವ ಕಥೆಯೂ ಇದೆ. ಹಿಡಿದ ಹಡಗುಗಳನ್ನು ಬ್ರಿಟಿಷರು ಎಸ್ಟೋನಿಯಾಕ್ಕೇ ಕೊಟ್ಟರು.

ಮುಂದಿನದು ನನಗೆ ಜಾಸ್ತಿ ಇಷ್ಟವಾದ ಭಾಗ. 1933ರಲ್ಲಿ ಎಸ್ಟೋನಿಯಾ ಆ ಎರಡೂ ಹಡಗುಗಳನ್ನು ಪೆರು ದೇಶಕ್ಕೆ ಮಾರಿತು. ಬಂದ ದುಡ್ಡನ್ನು ಹೊಸ ನೌಕಾಪಡೆಗೆ ಎತ್ತಿಟ್ಟಿತು. ಜನರಿಂದಲೂ ಚಂದಾ ಎತ್ತಿ ಇಂಗ್ಲೆಂಡಿನಲ್ಲಿ ಎರಡು ಸಬ್‌ಮರೀನ್ ಮಾಡಿಸಿತು. ಕಾಲೆವ್ ಮತ್ತು ಲೆಂಬಿತ್. ಅಂದರೆ ಬ್ರಿಟಿಷರು ಕೊಟ್ಟ ಹಡಗನ್ನು ಮಾರಿ, ಬ್ರಿಟಿಷರ ಹತ್ತಿರವೇ ಸಬ್‌ಮರೀನ್ ಕೊಂಡ ಹಾಗಾಯಿತು. ಬಡವರ ಮನೆ ಲೆಕ್ಕ ಅಂದರೆ ಇದು.

ಆದರೆ ಈ ಸಬ್‌ಮರೀನಿನಿಂದ ದೇಶಕ್ಕೆ ಪ್ರಯೋಜನವಾಗಲೇ ಇಲ್ಲ. 1939ರ ಸೆಪ್ಟೆಂಬರಿನಲ್ಲಿ ಪೋಲೆಂಡಿನ ಓಜೆವ್ ಎಂಬ ಸಬ್‌ಮರೀನ್ ಟಾಲಿನ್ ಬಂದರಿನಿಂದ ತಪ್ಪಿಸಿಕೊಂಡು ಹೋಯಿತು. ನಿಮ್ಮ ಕಡಲನ್ನು ನಿಮಗೆ ಕಾಯಲು ಬರುವುದಿಲ್ಲ, ನಾವು ಕಾಯುತ್ತೇವೆ ಎಂದಿತು ಮಾಸ್ಕೋ. ಅದೇ ತಿಂಗಳ 28ಕ್ಕೆ ಸಹಿ ಬಿತ್ತು. ಒಪ್ಪಂದದ ಹೆಸರು ಕೇಳಿ: ‘ಪರಸ್ಪರ ನೆರವು’! 25 ಸಾವಿರ ಸೋವಿಯತ್ ಸೈನಿಕರು ಎಸ್ಟೋನಿಯಾದ ನೆಲೆಗಳಿಗೆ ಬಂದರು. ಇಡೀ ದೇಶದ ಶಾಂತಿಕಾಲದ ಸೈನ್ಯವೇ ಅಷ್ಟಿರಲಿಲ್ಲ. ಒಂಬತ್ತು ತಿಂಗಳಿಗೆ, ಜೂನ್ 1940ರಲ್ಲಿ, ಒಂದು ಗುಂಡೂ ಸರಿಯಾಗಿ ಹಾರದೆ ದೇಶವೇ ಹೋಯಿತು. ಲೆಂಬಿತ್ ಕೂಡ ಸೋವಿಯತ್ ಪಡೆಗೆ ಸೇರಿತು. ಕೊನೆಯ ರಷ್ಯನ್ ಸೈನಿಕರು ಈ ನೆಲ ಬಿಟ್ಟು ಹೊರಟಿದ್ದು 31 ಆಗಸ್ಟ್ 1994ರಂದು.

ಹಾಗಾಗಿ ‘ರಕ್ಷಣಾ ಸಹಕಾರ’ ಅಂತ ಯಾರಾದರೂ ಹೇಳಿದರೆ ಇಲ್ಲಿನವರು ಸುಮ್ನೆ ತಲೆಯಾಡಿಸುವುದಿಲ್ಲ. ಪರದೇಶದ ಸೈನಿಕರು ಮನೆಯೊಳಗೆ ಬಂದು ಕೂರುವುದು ಹೇಗಿರುತ್ತದೆ ಅಂತ ಅವರಿಗೆ ಗೊತ್ತು. ಆದರೂ ಈಗ ಕರೆದು ಕೂರಿಸಿಕೊಂಡಿದ್ದಾರೆ. ನನ್ನ ಕುತೂಹಲ ಇದ್ದಿದ್ದು ಈ ‘ಆದರೂ’ ಮೇಲೆ.

ಮರುದಿನ ಆ್ಯಮಾರಿ ವಾಯುನೆಲೆಗೆ ಹೋದೆ. ಟಾಲಿನ್‌ನಿಂದ ನೈಋತ್ಯಕ್ಕೆ ಸುಮಾರು 40 ಕಿ.ಮೀ. ಎಸ್ಟೋನಿಯಾದ ಹತ್ತಿರ ಒಂದೇ ಒಂದು ಫೈಟರ್ ವಿಮಾನವೂ ಇಲ್ಲ. 2004ರಲ್ಲಿ ನ್ಯಾಟೊ ಸೇರಿದಾಗಿನಿಂದ ಅದರ ಆಕಾಶ ಕಾಯುವುದು ಬೇರೆ ದೇಶದವರು, ಸರದಿ ಪ್ರಕಾರ. 2014ರಿಂದ ಅವರ ವಿಮಾನಗಳು ಆ್ಯಮಾರಿಯಲ್ಲೂ ನಿಲ್ಲುತ್ತವೆ. ನಾನು ಬರುವುದಕ್ಕೆ ಕೆಲವೇ ವಾರ ಮೊದಲು, ಸೆಪ್ಟೆಂಬರ್ 19ರಂದು, ಮೂರು ರಷ್ಯನ್ ಮಿಗ್-31 ವಿಮಾನಗಳು ಎಸ್ಟೋನಿಯಾದ ಆಕಾಶದಲ್ಲಿ 12 ನಿಮಿಷ ಇದ್ದವು. ಇಲ್ಲಿಂದ ಹಾರಿ ಹೋಗಿದ್ದು ಇಟಲಿಯ ಎಫ್-35ಗಳು.

ನೆಲೆಯೊಳಗೆ ನಮ್ಮಂಥವರಿಗೆ ಪ್ರವೇಶವಿಲ್ಲ. ಬೇಲಿಯ ಹತ್ತಿರ ಮೊಬೈಲ್ ಎತ್ತಿದ್ದಕ್ಕೆ ಕಾವಲಿನ ಹುಡುಗ ಬಂದು ಫೋಟೊ ಅಳಿಸಿ ಅಂದ. ಅಳಿಸಿದೆ. ತಪ್ಪು ನನ್ನದೇ. ಹೊರಗಿರುವ ಸಣ್ಣ ಸ್ಮಶಾನವನ್ನು ಮಾತ್ರ ನೋಡಲು ಬಿಟ್ಟರು. ಅಲ್ಲಿ ಸೋವಿಯತ್ ಕಾಲದ ಪೈಲಟ್‌ಗಳ ಸಮಾಧಿಗಳಿವೆ. ಕಲ್ಲಿನ ಬದಲು ವಿಮಾನದ ಬಾಲದ ರೆಕ್ಕೆಗಳನ್ನು ನೆಟ್ಟಿದ್ದಾರೆ. ಪೈನ್ ಮರಗಳ ನಡುವೆ ಕೆಂಪು ನಕ್ಷತ್ರವಿರುವ ಲೋಹದ ರೆಕ್ಕೆಗಳು, ಮಳೆಯಲ್ಲಿ ತೊಯ್ಯುತ್ತಾ. ಯಾರೂ ಕಿತ್ತು ಹಾಕಿಲ್ಲ. ಆಚೆ ಕಡೆ ಜೆಟ್ ಒಂದು ಎದೆ ನಡುಗುವ ಹಾಗೆ ಏರಿತು. ಮೋಡ ತಗ್ಗಿತ್ತು, ಏನೂ ಕಾಣಲಿಲ್ಲ.

ಮೂರನೇ ದಿನ ರೈಲು. ಎಸ್ಟೋನಿಯಾದ ರೈಲುಗಳು ಕಿತ್ತಳೆ ಬಣ್ಣದವು. ಜನ ಅದನ್ನು ‘ಪೊರ್ಗಂದ್’ ಅಂತಾರೆ, ಕ್ಯಾರೆಟ್ ಅಂತ ಅರ್ಥ. ನಾರ್ವಾ ಟಿಕೆಟ್ ತೆಗೆದುಕೊಂಡು, ಒಂದು ಗಂಟೆ ಕಳೆದ ಮೇಲೆ ಟಾಪಾದಲ್ಲಿ ಇಳಿದೆ.

ಟಾಪಾ ರೈಲು ಕೂಡುವ ಊರು. ಒಂದು ಹಳಿ ನಾರ್ವಾಕ್ಕೆ, ಇನ್ನೊಂದು ತಾರ್ತುಗೆ. ಹಿಂದೆ ಇಲ್ಲಿ ಸೋವಿಯತ್ ವಾಯುನೆಲೆ ಇತ್ತು. 2016ರಲ್ಲಿ ವಾರ್ಸಾದಲ್ಲಿ ನ್ಯಾಟೊ ಸಭೆ ಸೇರಿ ತೀರ್ಮಾನ ಮಾಡಿದ ಮೇಲೆ, 2017ರಿಂದ ಬ್ರಿಟಿಷರ ಮುಂದಾಳತ್ವದ ಪಡೆ ಈ ಊರಿನ ದಂಡಿನಲ್ಲಿ ಬೀಡುಬಿಟ್ಟಿದೆ. ಬ್ರಿಟಿಷರು ಸುಮಾರು 900. ಜೊತೆಗೆ ಫ್ರೆಂಚರು, ಡೇನರು ಬಂದು ಹೋಗುತ್ತಿರುತ್ತಾರೆ. ಬರುವವರು ಸೈನಿಕರನ್ನೂ ಟ್ಯಾಂಕುಗಳನ್ನೂ ತರುತ್ತಾರೆ. ಅವರಿಗೆ ಮಲಗಲು ಮನೆ, ಊಟದ ಕೋಣೆ, ರಸ್ತೆ ಇವೆಲ್ಲ ಎಸ್ಟೋನಿಯಾದ ಜವಾಬ್ದಾರಿ.

ಊರು ನೋಡಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ಖಾಲಿ ಬೀದಿ, ಸೈಕಲ್ ಮೇಲೆ ಒಬ್ಬ ಮುದುಕ. ಕೈ ಮರಗಟ್ಟಿತ್ತು, ಅಂಗಡಿ ಹೊಕ್ಕು ಕಾಫಿ, ಬನ್ನು ತೆಗೆದುಕೊಂಡೆ. ನನ್ನ ಮುಂದೆ ಸಮವಸ್ತ್ರದ ಇಬ್ಬರು ಹುಡುಗರು, ತೋಳಿನ ಮೇಲೆ ಬ್ರಿಟಿಷ್ ಬಾವುಟ. ಹಾಲಿನ ಡಬ್ಬಗಳ ಮುಂದೆ ನಿಂತು ಇದು ಹಾಲಾ, ಮಜ್ಜಿಗೆಯಾ ಅಂತ ವಾದ ಮಾಡುತ್ತಿದ್ದರು. ಮೇಲೆ ಎಸ್ಟೋನಿಯನ್‌ನಲ್ಲಿ ಬರೆದದ್ದು ಅವರಿಗೂ ಅರ್ಥವಾಗದು, ನನಗೂ ಅಷ್ಟೇ. ಗಲ್ಲಾದ ಹೆಂಗಸು ಎದ್ದು ಬಂದು, ಒಂದು ಡಬ್ಬ ವಾಪಸ್ ಇಟ್ಟು ಇನ್ನೊಂದನ್ನು ಕೈಗೆ ಕೊಟ್ಟರು.

ಬಿಲ್ಲು ನೋಡಿದೆ. ತೆರಿಗೆ 24%. ಜುಲೈವರೆಗೆ 22 ಇತ್ತು. ಏರಿಸುವಾಗ ಸರ್ಕಾರ ಕೊಟ್ಟ ಕಾರಣ ದೇಶದ ಭದ್ರತೆ. 2026ರಿಂದ ಜಿಡಿಪಿಯ 5%ಕ್ಕಿಂತ ಜಾಸ್ತಿ ರಕ್ಷಣೆಗೇ ಇಡುವುದು ಅಂತ ತೀರ್ಮಾನವಾಗಿದೆ. ನನ್ನ ಬನ್ನಿನಲ್ಲೂ ಒಂದು ಚೂರು ಹೋಯಿತು ಅನ್ನಿ.

ಮುಂದಿನ ರೈಲಿನಲ್ಲಿ ಎದುರು ಕೂತಿದ್ದವರು ನಿವೃತ್ತ ಶಾಲಾ ಟೀಚರ್. ನಾನೇ ಮಾತು ತೆಗೆದೆ. “ಹೊರಗಿನ ಸೈನಿಕರು ಊರಲ್ಲಿರುವುದು ನಿಮಗೆ ಹೇಗನ್ನಿಸುತ್ತೆ?”

“ಯಾವ ಸೈನಿಕರು?” ಅಂದರು. “ನಾನು ಚಿಕ್ಕವಳಿದ್ದಾಗ ಇದ್ದವರನ್ನ ಯಾವಾಗ ಹೋಗ್ತೀರಿ ಅಂತ ಕೇಳೋ ಹಾಗೇ ಇರಲಿಲ್ಲ. ಈಗಿನವರನ್ನ ಯಾವಾಗ ಹೋಗ್ತೀರಿ ಅಂತ ಭಯದಿಂದ ಕೇಳ್ತೀವಿ.”

ಅವರ ಅಕ್ಕನ ಮಗ ಅಫ್ಘಾನಿಸ್ತಾನಕ್ಕೆ ಹೋಗಿ ಬಂದವನಂತೆ. 2006ರಿಂದ ಎಸ್ಟೋನಿಯಾದ ಸೈನಿಕರು ಹೆಲ್ಮಂಡ್‌ನಲ್ಲಿ ಬ್ರಿಟಿಷರ ಜೊತೆ ಹೋರಾಡಿದರು. ಒಂಬತ್ತು ಜನ ವಾಪಸ್ ಬರಲಿಲ್ಲ. ಬಾಲ್ಟಿಕ್ ಕಡಲ ದಡದವರಿಗೆ ಹೆಲ್ಮಂಡ್‌ನಲ್ಲಿ ಏನು ಕೆಲಸ? ಅದು ಮುಯ್ಯಿ. ನಾಳೆ ನಮ್ಮ ಮನೆಗೆ ಅವರು ಬರಬೇಕಾದರೆ ಇವತ್ತು ಅವರ ಮನೆಗೆ ನಾವು ಹೋಗಿರಬೇಕು. ಟೀಚರ್ ಈ ಲೆಕ್ಕ ಬಾಯಿಬಿಟ್ಟು ಹೇಳಲಿಲ್ಲ. “ಹೋಗಲೇಬೇಕಿತ್ತು” ಅಂದರು, ಅಷ್ಟೇ. ಮುಯ್ಯಿ ಪಡೆದವರೆಲ್ಲ ವಾಪಸ್ ಮಾಡಿಯೇ ಮಾಡುತ್ತಾರಾ ಅನ್ನುವ ಅನುಮಾನ ಮಾತ್ರ ನನಗೆ ಹೋಗಿಲ್ಲ. ಅವರಿಗೂ ಇದ್ದ ಹಾಗಿತ್ತು. ಟೀಚರ್ ಮಗ ಊರಿನ ‘ಕೈತ್ಸೆಲೀತ್’ ಸದಸ್ಯನಂತೆ. ವಾರವಿಡೀ ಕೆಲಸ ಮಾಡಿ ರಜೆಯಲ್ಲಿ ಕಾಡಿಗೆ ಹೋಗಿ ಕವಾಯತು ಮಾಡುವ ಸ್ವಯಂಸೇವಕರ ದಳ ಅದು. ನೆಂಟರು ಬರುತ್ತಾರೆ ಅಂತ ಒಲೆ ಆರಿಸಿ ಕೂರುವ ಜನ ಅಲ್ಲ ಇವರು.

ನಾರ್ವಾ ತಲುಪಿದಾಗ ಬೆಳಕು ಇಳಿಯುತ್ತಿತ್ತು. ನದಿಯ ಈಚೆ ಹೆರ್ಮನ್ ಕೋಟೆ, ಆಚೆ ರಷ್ಯಾದ ಇವಾಂಗೊರೊದ್ ಕೋಟೆ. ನಡುವೆ ನೂರು ಮೀಟರಿನಷ್ಟು ನೀರು. ಎರಡು ಕೋಟೆಗಳು ಇಷ್ಟು ಹತ್ತಿರ ಎದುರುಬದುರು ನಿಂತಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. 2015ರ ಫೆಬ್ರುವರಿ 24ರಂದು, ದೇಶದ ಸ್ವಾತಂತ್ರ್ಯ ದಿನದ ಪಥಸಂಚಲನವನ್ನು ಬೇಕಂತಲೇ ಈ ಊರಲ್ಲಿ ಮಾಡಿದರು. ಅಮೆರಿಕದ ಸೇನಾ ವಾಹನಗಳು ಗಡಿಯಿಂದ ಕೆಲವೇ ನೂರು ಮೀಟರ್ ದೂರದಲ್ಲಿ ಸಾಗಿದವು.

ಸೇತುವೆಯ ಹೆಸರು ‘ಸ್ನೇಹ’. ಈಗ ಅದರ ಮೇಲೆ ವಾಹನ ಓಡುವುದಿಲ್ಲ, ನಡೆದೇ ದಾಟಬೇಕು. ರಾತ್ರಿ ಅದೂ ಇಲ್ಲ. ಚೀಲ, ಸೂಟ್‌ಕೇಸ್ ಹಿಡಿದ ಜನ ಸಾಲಿನಲ್ಲಿ ನಿಂತಿದ್ದರು. ಈ ಊರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯ ಮನೆಮಾತು ರಷ್ಯನ್. ನದಿ ದಂಡೆಯಲ್ಲಿ ಗಾಳ ಹಾಕಿದ್ದ ಅಜ್ಜನಿಗೆ ಒಂದಿಷ್ಟು ಇಂಗ್ಲಿಷ್ ಬರುತ್ತಿತ್ತು. ತಂಗಿ ಆಚೆ ದಡದಲ್ಲಿದ್ದಾಳೆ ಅಂದ. ಟಾಪಾದ ಸೈನಿಕರ ಬಗ್ಗೆ ಕೇಳಿದೆ.

“ಅವರು ಇದ್ದರೆ ಯುದ್ಧ ಬರಲ್ಲ ಅಂತಾರೆ. ಅವರು ಇರೋದಕ್ಕೇ ಬರುತ್ತೆ ಅಂತಾನೂ ಅಂತಾರೆ. ನಂಗೆ ಮೀನು ಸಿಕ್ಕರೆ ಸಾಕು.”

ಕೋಣಗಳೆರಡು ಹೋರೆ ಗಿಡುವಿಂಗೆ ಮಿತ್ತು. ಗಾದೆಯನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ ಸೋತೆ. ಅಜ್ಜ ನಕ್ಕ, ಅರ್ಥವಾಗಿ ಅಲ್ಲ.

ವಾಪಸ್ ರೈಲು ಕತ್ತಲಲ್ಲಿ ಟಾಪಾದಲ್ಲಿ ನಿಂತಿತು. ರಜೆ ಮೇಲೆ ಹೊರಟ ಹುಡುಗರ ಗುಂಪೊಂದು ಹತ್ತಿತು, ಮಾತು ಬ್ರಿಟಿಷರದು. ನನ್ನ ಪಕ್ಕದ ಸಾಲಿನ ಅಜ್ಜಿ ಸೀಟಿನ ಮೇಲಿದ್ದ ಕೈಚೀಲವನ್ನು ತೊಡೆಗೆ ಎಳೆದುಕೊಂಡರು. ಒಬ್ಬ ಹುಡುಗ “ಐತಾಹ್” ಅಂತ ಅವರ ಭಾಷೆಯಲ್ಲೇ ಥ್ಯಾಂಕ್ಸ್ ಹೇಳಿ ಕೂತ. ಅಜ್ಜಿ ಉಚ್ಚಾರ ತಿದ್ದಿದರು. ಅವನು ಮತ್ತೆ ಹೇಳಿದ. ಅವರು ಮತ್ತೆ ತಿದ್ದಿದರು. ಮೂರನೇ ಸಲಕ್ಕೆ ತಲೆಯಾಡಿಸಿ, ಚೀಲದಿಂದ ಒಂದು ಸೇಬು ತೆಗೆದು ಕೊಟ್ಟರು.